ಹಳೆಯ ಪಿಕಪ್‌ನಲ್ಲಿ ಚೆಕ್ ಎಂಜಿನ್ ಲೈಟ್: ಕೋಡ್ ಹಿಡಿದು ಕಾರಣ ಹುಡುಕುವ ಕ್ರಮ

ಸ್ಕ್ಯಾನರ್ ಹಾಕಿದರು, ಪಿ0087 ಅಂತ ಬಂತು, ರೈಲ್ ಪ್ರೆಶರ್ ಸೆನ್ಸರ್ ಬದಲಿಸಿದರು, ನಾಲ್ಕು ದಿನಕ್ಕೆ ಲೈಟ್ ಮತ್ತೆ ಬಂತು. ಪಿಕಪ್ ಓಡಿಸುವ ಗೆಳೆಯರಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸೆನ್ಸರ್ ಆದಮೇಲೆ ಪಂಪ್, ಪಂಪ್ ಆದಮೇಲೆ ಇಂಜೆಕ್ಟರ್ ಅಂತ ದುಡ್ಡು ಸುರಿದವರೂ ಇದ್ದಾರೆ. ತಪ್ಪು ಎಲ್ಲರದ್ದೂ ಒಂದೇ. ಕೋಡ್ ಅಂದರೆ ಕೆಟ್ಟ ಪಾರ್ಟಿನ ಹೆಸರು ಅಂದುಕೊಂಡುಬಿಡುತ್ತಾರೆ. ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಏನು ಕಾಣಿಸಿತು ಅನ್ನುವುದಷ್ಟೇ ಕೋಡಿನಲ್ಲಿ ಇರುತ್ತದೆ. ಯಾಕೆ ಹಾಗೆ ಕಾಣಿಸಿತು ಅಂತ ನಾವೇ ಹುಡುಕಬೇಕು.

ಇಲ್ಲಿ ಹೇಳುವುದು ಬೊಲೆರೊ ಪಿಕಪ್, ದೋಸ್ತ್, ಝೆನಾನ್ ಥರದ ಬಿಎಸ್4 (ಹೊಗೆ ನಿಯಮದ ನಾಲ್ಕನೇ ಹಂತ) ಕಾಲದ ಕಾಮನ್ ರೈಲ್ ಡೀಸೆಲ್ ಗಾಡಿಗಳ ಬಗ್ಗೆ. ಇವುಗಳಲ್ಲಿ ಪಂಪ್ ಜೋರು ಒತ್ತಡದ ಡೀಸೆಲನ್ನು ರೈಲ್ ಅನ್ನುವ ಒಂದೇ ದಪ್ಪ ಪೈಪಿಗೆ ತುಂಬುತ್ತದೆ, ಎಲ್ಲ ಇಂಜೆಕ್ಟರಿಗೂ ಅಲ್ಲಿಂದಲೇ ಹೋಗುತ್ತದೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡನೇ ಹಂತ ಬಿಟ್ಟು ಆರಕ್ಕೆ ಹಾರಿದರೆ ಮತ್ತೆ ಹಿಂದಕ್ಕೇ ಬರಬೇಕಾಗುತ್ತದೆ.

## ಮೊದಲು ನೋಡಿ: ನಿಮ್ಮ ಗಾಡಿಯಲ್ಲಿ ಕೋಡ್ ಬರುತ್ತದಾ?

ಬಿಎಸ್4 ಗಾಡಿಗಳಿಗೆ ಓಬಿಡಿಯ (ಗಾಡಿ ತನ್ನ ತೊಂದರೆಯನ್ನು ತಾನೇ ಗುರುತಿಸಿ ಕೋಡ್ ಬರೆದಿಡುವ ವ್ಯವಸ್ಥೆಯ) ಮೊದಲ ಹಂತ 2010ರ ಏಪ್ರಿಲ್‌ನಿಂದ, ಎರಡನೇ ಹಂತ 2013ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಆದರೆ ಬಿಎಸ್4 ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಹಾಗಾಗಿ ವರ್ಷ ನೋಡಿ ಹೇಳಲು ಆಗುವುದಿಲ್ಲ. ಮೆಕ್ಯಾನಿಕಲ್ ಪಂಪ್ ಇರುವ ಹಳೆಯ ಡಿಐ ಎಂಜಿನ್‌ನಲ್ಲಿ ಕೋಡ್ ಓದುವ ಮಾತೇ ಇಲ್ಲ.

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಎಂಜಿನ್ ಚಿತ್ರದ ಲೈಟ್ ಹೊತ್ತಿಕೊಳ್ಳಬೇಕು. ಸ್ಟಾರ್ಟ್ ಆದಮೇಲೆ ಆರಬೇಕು. ಸ್ಪ್ರಿಂಗ್ ಸುರುಳಿಯ ಹಾಗೆ ಕಾಣುವುದು ಹೀಟರ್ ಪ್ಲಗ್ಗಿನ ಲೈಟ್, ಅದು ಬೇರೆ. ಇನ್ನು ಸ್ಟೀರಿಂಗ್ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ 16 ಪಿನ್ನಿನ ಸಾಕೆಟ್ ಹುಡುಕಿ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಇಲ್ಲಿ ಜಾಸ್ತಿ ಗಮನ ಕೊಡಬೇಕು. ಕೀ ಆನ್ ಮಾಡಿದಾಗ ಲೈಟ್ ಬರಲೇ ಇಲ್ಲ ಅಂದರೆ ಗಾಡಿ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಬಲ್ಬ್ ಹೋಗಿರಬಹುದು. ಮಾರುವ ಮುಂಚೆ ಯಾರೋ ಬಲ್ಬ್ ತೆಗೆದಿರಲೂಬಹುದು. ಅಂಥ ಗಾಡಿಗೆ ಸ್ಕ್ಯಾನರ್ ಹಾಕಿದರೆ ಒಳಗೆ ಏಳೆಂಟು ಕೋಡ್ ಕೂತಿರುವುದು ಅಪರೂಪವಲ್ಲ.

## ಬೇಕಾದ ಸಾಮಾನು

ಸ್ಕ್ಯಾನರ್ ಬೇಕೇ ಬೇಕು. ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಸಣ್ಣ ಅಡಾಪ್ಟರ್ ಕೂಡ ಸಾಮಾನ್ಯ ಕೋಡ್ ಓದುತ್ತದೆ. ಆದರೆ ಎಲ್ಲ ಡೀಸೆಲ್ ಪಿಕಪ್‌ಗಳ ಜೊತೆ ಅದು ಮಾತಾಡುವುದಿಲ್ಲ. ಮಾತಾಡಿದರೂ ರೈಲ್ ಪ್ರೆಶರ್‌ನಂಥ ಲೈವ್ ಡೇಟಾ (ಆ ಕ್ಷಣದಲ್ಲಿ ಸೆನ್ಸರ್ ಹೇಳುತ್ತಿರುವ ಅಂಕಿ) ತೋರಿಸದೇ ಇರಬಹುದು. ಕೊಳ್ಳುವ ಮುಂಚೆ ನಿಮ್ಮ ಗಾಡಿಗೇ ಹಾಕಿ ನೋಡಿ. ಕೋಡ್ ಮಾತ್ರ ತೋರಿಸಿ ಲೈವ್ ಡೇಟಾ ತೋರಿಸದ ಸ್ಕ್ಯಾನರ್‌ನಿಂದ ಅರ್ಧ ಕೆಲಸವೂ ಆಗುವುದಿಲ್ಲ.

ಡಿಜಿಟಲ್ ಮಲ್ಟಿಮೀಟರ್, ಟಾರ್ಚ್, 10, 12, 13ರ ಸ್ಪ್ಯಾನರ್, ಎಮರಿ ಪೇಪರ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಡೀಸೆಲ್ ಪೈಪಿನ ಅಳತೆಯದೇ ಆದ ಒಂದಡಿ ಪಾರದರ್ಶಕ ಪೈಪ್, ಒಂದೇ ಅಳತೆಯ ನಾಲ್ಕು ಸಣ್ಣ ಬಾಟಲಿ. ಜೊತೆಗೆ ಒಂದು ನೋಟ್‌ಬುಕ್.

## ಹಂತ 1: ಲೈಟ್ ಬಂದಾಗ ಏನಾಗಿತ್ತು ಅಂತ ಬರೆದಿಡಿ

ಲೈಟ್ ಬಂದದ್ದು ಬೆಳಿಗ್ಗೆ ಸೆಲ್ಫ್ ಹೊಡೆದಾಗಲಾ, ಬಿಸಿಯಾದ ಮೇಲಾ? ಖಾಲಿ ಗಾಡಿಯಲ್ಲೋ, ಲೋಡ್ ಹಾಕಿ ಏರು ಹತ್ತುವಾಗಲೋ? ಹೊಗೆ ಯಾವ ಬಣ್ಣ? ಡೀಸೆಲ್ ಹಾಕಿಸಿ ಎಷ್ಟು ದೂರ ಓಡಿತ್ತು?

ಇವೆಲ್ಲಕ್ಕಿಂತ ಉಪಯೋಗಕ್ಕೆ ಬರುವ ಪ್ರಶ್ನೆ ಇನ್ನೊಂದಿದೆ. ಲೈಟ್ ಬರುವುದಕ್ಕೆ ಮುಂಚೆ ಗಾಡಿಗೆ ಏನು ಮಾಡಿಸಿದ್ದಿರಿ? ವಾಟರ್ ಸರ್ವಿಸ್ ಮಾಡಿಸಿದ್ದರೆ ಕಪ್ಲರ್ (ವೈರ್ ಸೇರಿಸುವ ಪ್ಲಗ್) ಒಳಗೆ ನೀರು ಹೋಗಿರಬಹುದು. ಹೊಸ ಹಾರ್ನ್, ಫೋಕಸ್ ಲೈಟ್, ಮ್ಯೂಸಿಕ್ ಸಿಸ್ಟಮ್ ಹಾಕಿಸಿದ್ದರೆ ವೈರ್ ಎಲ್ಲಿಂದ ಕತ್ತರಿಸಿ ಎಳೆದರೋ ನೋಡಬೇಕು. ಬಾಡಿಗೆ ವೆಲ್ಡಿಂಗ್ ಮಾಡಿಸಿದ್ದರೆ ಇನ್ನೂ ಹುಷಾರು. ಬ್ಯಾಟರಿ ಬಿಚ್ಚದೆ ವೆಲ್ಡ್ ಮಾಡಿದರೆ ಇಸಿಯು ಕೆಡಬಹುದು, ಅರ್ತ್ ಜಾಯಿಂಟ್ ಸುಡಬಹುದು.

## ಹಂತ 2: ಬ್ಯಾಟರಿ ಮತ್ತು ಅರ್ತ್

ಬಹಳ ಜನ ಬಿಡುವ ಹಂತ ಇದು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದರೆ ಇಸಿಯುಗೆ ಎಲ್ಲ ಸೆನ್ಸರ್‌ಗಳೂ ತಪ್ಪು ಹೇಳಿದ ಹಾಗೆ ಕಾಣುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಕೋಡ್‌ಗಳು ಒಟ್ಟಿಗೆ ಬಂದಿದ್ದರೆ ಮೊದಲ ಅನುಮಾನ ಇಲ್ಲೇ ಇರಲಿ.

ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. 12.2ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಇಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಡೈನಮೋ ಕಡೆ ನೋಡಿ.

ಆಮೇಲೆ ಅರ್ತ್. ಮೀಟರಿನ ಕೆಂಪು ಕಡ್ಡಿಯನ್ನು ಎಂಜಿನ್‌ನ ಬಣ್ಣವಿಲ್ಲದ ಲೋಹದ ಮೇಲೆ, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಪೋಸ್ಟಿನ ಮೇಲೆ ಒತ್ತಿ ಹಿಡಿಯಿರಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಮೀಟರ್ 0.5 ವೋಲ್ಟ್ ದಾಟಿದರೆ ಅರ್ತ್ ಕೇಬಲ್ ಅಥವಾ ಅದರ ಬೋಲ್ಟ್ ಸರಿಯಿಲ್ಲ. ಮೇಲೆ ನೋಡಿದರೆ ಬೋಲ್ಟ್ ಬಿಗಿಯಾಗೇ ಇರುತ್ತದೆ. ಬಿಚ್ಚಿದರೆ ರಿಂಗಿನ ಕೆಳಗೆ ಕಂದು ತುಕ್ಕು, ಕೆಲವೊಮ್ಮೆ ಟಿಂಕರಿಂಗ್ ಮಾಡಿದವರು ಹೊಡೆದ ಪೇಂಟ್ ಸಿಗುತ್ತದೆ. ಎಮರಿ ಪೇಪರಿನಲ್ಲಿ ಬೆಳ್ಳಗಾಗುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಹಚ್ಚಿ.

ಆದರೆ ಒಂದು ಮಾತು. ಈ ಹಂತದಲ್ಲಿ ಅಳತೆ ಮಾತ್ರ ಮಾಡಿ. ಕೇಬಲ್ ಬಿಚ್ಚಿ ಉಜ್ಜುವ ಕೆಲಸ ಇದ್ದರೆ ಮುಂದಿನ ಹಂತ ಮುಗಿಸಿಕೊಂಡು ಬನ್ನಿ. ಬ್ಯಾಟರಿ ಕಳಚಿದರೆ ಕೆಲವು ಗಾಡಿಗಳಲ್ಲಿ ಕೋಡ್ ಅಳಿಸಿಹೋಗುತ್ತದೆ.

## ಹಂತ 3: ಕೋಡ್ ಓದಿ, ಬರೆದುಕೊಳ್ಳಿ, ಅಳಿಸಬೇಡಿ

ಕೀ ಆಫ್ ಇರುವಾಗ ಸ್ಕ್ಯಾನರ್ ಸಿಕ್ಕಿಸಿ, ಆಮೇಲೆ ಕೀ ಆನ್ ಮಾಡಿ. ಎಲ್ಲ ಕೋಡ್‌ಗಳನ್ನೂ ಬರೆದುಕೊಳ್ಳಿ. ಈಗ ಇರುವ ಕೋಡ್, ಬಾಕಿ ಇರುವ ಕೋಡ್, ಹಿಂದೆ ಬಂದು ಹೋದ ಕೋಡ್ ಅಂತ ಬೇರೆ ಬೇರೆ ತೋರಿಸಿದರೆ ಹಾಗೇ ಬೇರೆ ಬೇರೆ ಬರೆಯಿರಿ. ಫೋನಿನಲ್ಲಿ ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಅದರ ಜೊತೆ ಫ್ರೀಜ್ ಫ್ರೇಮ್ ನೋಡಿ. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿತ್ತು, ಗಾಡಿ ಎಷ್ಟು ಸ್ಪೀಡಿನಲ್ಲಿತ್ತು, ಕೂಲೆಂಟ್ ಎಷ್ಟು ಬಿಸಿ ಇತ್ತು ಅಂತ ಇಸಿಯು ಬರೆದಿಟ್ಟುಕೊಂಡಿರುತ್ತದೆ. ಮೊದಲ ಹಂತದಲ್ಲಿ ನೀವು ಬರೆದದ್ದಕ್ಕೆ ಇದನ್ನು ಹೋಲಿಸಿ. ಕೋಡ್ ಅಳಿಸಿದ ತಕ್ಷಣ ಇದೂ ಹೋಗುತ್ತದೆ. ಎಷ್ಟೋ ಕಡೆ ಸ್ಕ್ಯಾನರ್ ಹಾಕಿದವರು ಮೊದಲು ಮಾಡುವ ಕೆಲಸವೇ ಅಳಿಸುವುದು. ಬೇಡ ಅಂತ ಬಾಯಿಬಿಟ್ಟು ಹೇಳಿ.

ಸ್ಕ್ಯಾನರ್ ಸೇರದಿದ್ದರೆ ಸಾಕೆಟ್ಟಿನ 16ನೇ ಪಿನ್ ಮತ್ತು 4ನೇ ಪಿನ್ ನಡುವೆ ಬ್ಯಾಟರಿ ವೋಲ್ಟೇಜ್ ಇದೆಯಾ ನೋಡಿ. ಇಲ್ಲದಿದ್ದರೆ ಫ್ಯೂಸ್ ಹೋಗಿದೆ ಅಥವಾ ಅರ್ತ್ ಇಲ್ಲ. ವೋಲ್ಟೇಜ್ ಇದ್ದೂ ಸೇರದಿದ್ದರೆ, ಹಳೆಯ ಗಾಡಿಗಳಲ್ಲಿ 7ನೇ ಪಿನ್ನಿನ ಕೆ-ಲೈನ್‌ನಲ್ಲಿ, ನಂತರದವುಗಳಲ್ಲಿ 6 ಮತ್ತು 14ನೇ ಪಿನ್ನಿನ ಕ್ಯಾನ್‌ನಲ್ಲಿ ಮಾತು ನಡೆಯುತ್ತದೆ ಅನ್ನುವುದು ನೆನಪಿರಲಿ. ನಿಮ್ಮ ಸ್ಕ್ಯಾನರ್‌ಗೆ ಎರಡೂ ಬರಬೇಕು.

## ಹಂತ 4: ಕೋಡಿನ ಭಾಷೆ

ಮೊದಲ ಅಕ್ಷರ ಪಿ ಅಂದರೆ ಎಂಜಿನ್ ಮತ್ತು ಗೇರ್ ಕಡೆ. ಯು ಅಂದರೆ ಕಂಟ್ರೋಲ್ ಯೂನಿಟ್‌ಗಳ ನಡುವಿನ ಮಾತು ತಪ್ಪಿದೆ. ಅಕ್ಷರದ ಪಕ್ಕದ ಮೊದಲ ಅಂಕಿ 0 ಆದರೆ ಎಲ್ಲ ಕಂಪನಿಗಳಿಗೂ ಅದೇ ಅರ್ಥ. 1 ಆದರೆ ಆಯಾ ಕಂಪನಿಯದೇ ಕೋಡ್. ಒಂದು ಕಂಪನಿಯ ಪಿ1ರ ಅರ್ಥವನ್ನು ಇನ್ನೊಂದರ ಪಟ್ಟಿಯಲ್ಲಿ ಹುಡುಕಿ ಮೋಸಹೋಗಬೇಡಿ.

ಕೋಡಿನ ಜೊತೆ ಬರುವ ಮಾತುಗಳನ್ನು ಬಿಡಿಸಿ ಓದುವುದು ಇದಕ್ಕಿಂತ ಮುಖ್ಯ. 'ಸರ್ಕಿಟ್ ಲೋ', 'ಸರ್ಕಿಟ್ ಹೈ' ಅಂತಿದ್ದರೆ ವೈರ್ ತುಂಡಾಗಿದೆ, ಶಾರ್ಟ್ ಆಗಿದೆ ಅಥವಾ ಕಪ್ಲರ್ ಬಿಟ್ಟಿದೆ ಅಂತ ಮೊದಲು ಯೋಚಿಸಿ. 'ರೇಂಜ್', 'ಪರ್ಫಾರ್ಮೆನ್ಸ್' ಅಂತಿದ್ದರೆ ಸೆನ್ಸರ್ ಹೇಳಿದ್ದು ಇಸಿಯು ನಿರೀಕ್ಷೆಗೆ ಹೊಂದುತ್ತಿಲ್ಲ. 'ಪ್ರೆಶರ್ ಟೂ ಲೋ' ಅಂತಿದ್ದರೆ ಪ್ರೆಶರ್ ನಿಜವಾಗಿಯೂ ಕಡಿಮೆ ಇರಬಹುದು. ಅಲ್ಲಿ ಸೆನ್ಸರ್ ನಿಜ ಹೇಳುತ್ತಿದೆ. ನಿಜ ಹೇಳಿದ ಸೆನ್ಸರನ್ನು ಬಿಚ್ಚಿ ಎಸೆದರೆ ಏನು ಲಾಭ, ಅಲ್ವಾ?

ಮೂರು ನಾಲ್ಕು ಸೆನ್ಸರ್‌ಗಳ ಕೋಡ್ ಒಟ್ಟಿಗೆ ಬಂದರೆ ಅಷ್ಟೂ ಒಂದೇ ದಿನ ಕೆಟ್ಟವು ಅಂತ ನಂಬಬೇಡಿ. ಅವಕ್ಕೆಲ್ಲ 5 ವೋಲ್ಟ್ ಕರೆಂಟ್ ಒಂದೇ ಕಡೆಯಿಂದ ಹೋಗುತ್ತಿರುತ್ತದೆ. ಪಿ0641 ಕೂಡ ಜೊತೆಗಿದ್ದರೆ ಆ 5 ವೋಲ್ಟಿನ ಲೈನಿನಲ್ಲೇ ತೊಂದರೆ. ಎಲ್ಲೋ ಒಂದು ಸೆನ್ಸರ್ ಅಥವಾ ವೈರ್ ಶಾರ್ಟ್ ಆಗಿ ಉಳಿದವನ್ನೂ ಕೆಳಗೆ ಎಳೆಯುತ್ತಿದೆ. ಕೀ ಆಫ್ ಮಾಡಿ ಒಂದು ಕಪ್ಲರ್ ಕಳಚಿ, ಕೀ ಆನ್ ಮಾಡಿ ಅಳೆಯಿರಿ. ಹೀಗೆ ಒಂದೊಂದನ್ನೇ ಬಿಡಿಸುತ್ತಾ ಹೋಗಿ. ಯಾವುದನ್ನು ಬಿಡಿಸಿದಾಗ 5 ವೋಲ್ಟ್ ವಾಪಸ್ ಬರುತ್ತದೋ ಅದೇ ಕಳ್ಳ.

## ಹಂತ 5: ಕಣ್ಣು ಮತ್ತು ಕೈ

ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಅರ್ಧ ಗಂಟೆ ಸುಮ್ನೆ ನೋಡಿ. ತೋಟದ ಶೆಡ್‌ನಲ್ಲಿ ನಿಲ್ಲುವ ಗಾಡಿಯಾದರೆ ಇಲಿ ಕಡಿದ ವೈರ್ ಹುಡುಕಿ. ಹಿಕ್ಕೆ ಕಂಡರೆ ಆ ಸುತ್ತಮುತ್ತ ವೈರಿಂಗ್ ಮೇಲಿನ ಟೇಪ್ ಬಿಚ್ಚಿ ನೋಡಿ. ಬ್ರಾಕೆಟ್ಟಿಗೆ ಉಜ್ಜಿ ಸವೆದ ಜಾಗ, ಕ್ಲಿಪ್ ಮುರಿದ ಕಪ್ಲರ್, ಪಿನ್ನಿನ ಮೇಲೆ ಹಸಿರು ಪಾಚಿಯಂಥ ಕಿಲುಬು, ಟರ್ಬೊ ಹೋಸ್‌ನ ಕ್ಲ್ಯಾಂಪಿನ ಹತ್ತಿರ ಎಣ್ಣೆ ಜಿಡ್ಡು, ಧೂಳು ತುಂಬಿದ ಏರ್ ಫಿಲ್ಟರ್ ಇವೆಲ್ಲ ಕಣ್ಣಿಗೇ ಸಿಗುತ್ತವೆ.

ಎಂಜಿನ್ ಓಡುತ್ತಿರುವಾಗ, ಲೈವ್ ಡೇಟಾ ನೋಡುತ್ತಾ ಅನುಮಾನ ಇರುವ ವೈರಿಂಗನ್ನು ಮೆಲ್ಲಗೆ ಅಲ್ಲಾಡಿಸಿ. ಫ್ಯಾನ್, ಬೆಲ್ಟ್ ಹತ್ತಿರ ಕೈ ಬೇಡ. ಅಂಕಿ ಜಿಗಿದರೆ ಜಾಗ ಸಿಕ್ಕಿತು.

## ಹಂತ 6: ಕೋಡಿನ ಪ್ರಕಾರ ಪರೀಕ್ಷೆ

### ಪಿ0087: ರೈಲ್ ಪ್ರೆಶರ್ ಕಡಿಮೆ

ಹಳೆಯ ಪಿಕಪ್‌ಗಳಲ್ಲಿ ತುಂಬಾ ಕಾಡುವ ಕೋಡ್ ಇದು. ಖಾಲಿ ಗಾಡಿ ಚೆನ್ನಾಗಿ ಓಡುತ್ತದೆ, ಲೋಡ್ ಹಾಕಿದರೆ ಎಳೆಯುವುದಿಲ್ಲ. ನನ್ನ ಗಾಡಿಗೂ ಹೀಗೇ ಆಯಿತು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಲೈಟ್ ಬಂತು. ಎಷ್ಟು ಆಕ್ಸಿಲರೇಟರ್ ತುಳಿದರೂ ಗಾಡಿ ಎರಡನೇ ಗೇರಿನಲ್ಲಿ ತೆವಳಿತು. ಒಂದು ಗ್ಯಾರೇಜಿನಲ್ಲಿ ಸೆನ್ಸರ್ ಬದಲಿಸಿಕೊಟ್ಟರು. ಮುಂದಿನ ಲೋಡಿಗೆ ಅದೇ ಜಾಗದಲ್ಲಿ ಅದೇ ಲೈಟ್.

ಆಮೇಲೆ ನಾನೇ ಕೂತು ಡೀಸೆಲ್ ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪನ್ನು ತೆಗೆದು ಪಾರದರ್ಶಕ ಪೈಪ್ ಹಾಕಿದೆ. ಐಡಲ್‌ನಲ್ಲಿ ಡೀಸೆಲ್ ತಿಳಿಯಾಗಿ ಹರಿಯುತ್ತಿತ್ತು. ರೇಸ್ ಕೊಟ್ಟ ತಕ್ಷಣ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಬಂದವು. ಫಿಲ್ಟರಿಗೆ ಬರುವ ರಬ್ಬರ್ ಪೈಪ್ ಕ್ಲಿಪ್ಪಿನ ಕೆಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹೊರಗೆ ಒಂದು ಹನಿ ಡೀಸೆಲ್ ಸೋರಿರಲಿಲ್ಲ. ಪಂಪ್ ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುವ ಗಾಡಿಯಲ್ಲಿ ಬಿರುಕಿನಿಂದ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒದ್ದೆ ಕಾಣಲಿಲ್ಲ ಅಂತ ಪೈಪ್ ಸರಿಯಿದೆ ಅನ್ನಬೇಡಿ.

ಹಾಗಾಗಿ ಕ್ರಮ ಹೀಗಿರಲಿ. ಫಿಲ್ಟರಿನ ಕೆಳಗಿನ ಸ್ಕ್ರೂ ಬಿಚ್ಚಿ ನೀರು ಇಳಿಸಿ, ಗಾಜಿನ ಲೋಟದಲ್ಲಿ ಹಿಡಿದು ನೋಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಫಿಲ್ಟರ್ ಬದಲಿಸಿ ಎಷ್ಟು ದಿನವಾಯಿತೋ ನೆನಪಿಲ್ಲ ಅಂದರೆ ಹೊಸದು ಹಾಕಿ, ಏರ್ ತೆಗೆಯಿರಿ. ಗುಳ್ಳೆ ಪರೀಕ್ಷೆ ಮಾಡಿ. ಟ್ಯಾಂಕಿನ ಜಾಲರಿ ಕಟ್ಟಿದೆಯಾ ನೋಡಿ.

ಇಷ್ಟೆಲ್ಲ ಸರಿಯಿದ್ದರೆ ಲೈವ್ ಡೇಟಾದಲ್ಲಿ ಇಸಿಯು ಕೇಳುತ್ತಿರುವ ಪ್ರೆಶರ್ ಮತ್ತು ನಿಜವಾಗಿ ಇರುವ ಪ್ರೆಶರ್ ಎರಡನ್ನೂ ತೆರೆಯಿರಿ. ಬಿಸಿಯಾದ ಎಂಜಿನ್‌ನ ಐಡಲ್‌ನಲ್ಲಿ ಸಾಮಾನ್ಯವಾಗಿ 250ರಿಂದ 350 ಬಾರ್ ಇರುತ್ತದೆ, ಎರಡೂ ಅಂಕಿ ಜೊತೆಜೊತೆಗೆ ಓಡಬೇಕು. ಲೋಡಿನಲ್ಲಿ ಕೇಳಿದ್ದು ಏರಿ, ಇರುವುದು ಹಿಂದೆ ಬಿದ್ದರೆ ಇಂಜೆಕ್ಟರ್ ರಿಟರ್ನ್ ನೋಡಿ. ಎಲ್ಲ ಇಂಜೆಕ್ಟರಿನ (ದೋಸ್ತ್‌ನಲ್ಲಿ ಮೂರೇ) ರಿಟರ್ನ್ ಪೈಪನ್ನು, ಅಂದರೆ ಉಳಿದ ಡೀಸೆಲ್ ವಾಪಸ್ ಹೋಗುವ ಪೈಪನ್ನು, ಒಂದೊಂದು ಬಾಟಲಿಗೆ ಬಿಟ್ಟು, ಕೆಲವು ನಿಮಿಷ ಐಡಲ್‌ನಲ್ಲಿ ಓಡಿಸಿ. ಒಂದು ಬಾಟಲಿ ಮಾತ್ರ ಉಳಿದವುಗಳ ಎರಡು ಮೂರು ಪಟ್ಟು ತುಂಬಿದರೆ ಪ್ರೆಶರ್ ಸೋರುತ್ತಿರುವುದು ಆ ಇಂಜೆಕ್ಟರಿನಲ್ಲಿ. ಎಲ್ಲವೂ ಸಮ ಇದ್ದರೆ ಮಾತ್ರ ಪಂಪ್ ಮತ್ತು ಅದರ ವಾಲ್ವ್ ಕಡೆ ಹೋಗಿ. ಸೆನ್ಸರ್ ಕೊನೆಯದು.

ಎಚ್ಚರಿಕೆ: ಎಂಜಿನ್ ಓಡುವಾಗ ರೈಲಿನಿಂದ ಇಂಜೆಕ್ಟರಿಗೆ ಹೋಗುವ ಕಬ್ಬಿಣದ ಪೈಪನ್ನು ಯಾವ ಕಾರಣಕ್ಕೂ ಸಡಿಲಿಸಬೇಡಿ. ಹಳೆಯ ಡಿಐ ಎಂಜಿನ್‌ನಲ್ಲಿ ನಟ್ ಸಡಿಲಿಸಿ ಸಿಲಿಂಡರ್ ಚೆಕ್ ಮಾಡುತ್ತಿದ್ದ ಅಭ್ಯಾಸ ಇಲ್ಲಿ ಜೀವಕ್ಕೇ ಅಪಾಯ. ಸಾವಿರ ಬಾರ್ ದಾಟುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಎಂಜಿನ್ ನಿಲ್ಲಿಸಿದ ಮೇಲೂ ಪ್ರೆಶರ್ ಇಳಿಯಲು ಸ್ವಲ್ಪ ಹೊತ್ತು ಬಿಡಿ. ಸೋರುವ ಜಾಗ ಹುಡುಕಲು ಕೈ ಸವರಬೇಡಿ, ರಟ್ಟಿನ ತುಂಡು ಹಿಡಿಯಿರಿ.

### ಪಿ0299: ಟರ್ಬೊ ಒತ್ತಡ ಸಾಲದು

ಟರ್ಬೊ ಹೋಯಿತು ಅಂತ ಗಾಬರಿ ಬೇಡ. ಇಂಟರ್‌ಕೂಲರ್ ಹೋಸ್ ಹರಿದಿದೆಯಾ, ಕ್ಲ್ಯಾಂಪ್ ಜಾರಿದೆಯಾ, ಏರ್ ಫಿಲ್ಟರ್ ಕಟ್ಟಿದೆಯಾ, ಟರ್ಬೊಗೆ ಹೋಗುವ ಸಣ್ಣ ಪೈಪ್ ಬಿಚ್ಚಿದೆಯಾ ನೋಡಿ. ಲೋಡಿನಲ್ಲಿ 'ಸ್ಸ್' ಅಂತ ಶಬ್ದ, ಜೊತೆಗೆ ಕಪ್ಪು ಹೊಗೆ ಇದ್ದರೆ ಹೋಸ್ ಮೇಲೇ ಅನುಮಾನ. ಹೋಸ್‌ನ ಕೆಳಬದಿಯ ಸೀಳು ಮೇಲಿಂದ ಕಾಣುವುದಿಲ್ಲ, ಬೆರಳಾಡಿಸಿ ನೋಡಬೇಕು. ಎಂಜಿನ್ ನಿಂತು ತಣ್ಣಗಾದ ಮೇಲೆ.

### ಪಿ0401: ಇಜಿಆರ್ ಹರಿವು ಸಾಲದು

ಇಜಿಆರ್ ಅಂದರೆ ಹೊಗೆಯ ಸ್ವಲ್ಪ ಭಾಗವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ. ಹೆಚ್ಚಿನ ಸಲ ಕಾರಣ ಮಸಿ. ವಾಲ್ವ್ ಬಿಚ್ಚಿದರೆ ಒಳಗೆ ಟಾರಿನ ಹಾಗೆ ಅಂಟಿರುತ್ತದೆ. ಕಾರ್ಬ್ ಕ್ಲೀನರ್ ಹಾಕಿ ನೆನೆಸಿ, ಪ್ಲಾಸ್ಟಿಕ್ ಬ್ರಷ್‌ನಲ್ಲಿ ತೆಗೆಯಿರಿ. ಮೋಟರ್ ಇರುವ ಭಾಗಕ್ಕೆ ಕ್ಲೀನರ್ ತಾಗಬಾರದು. ತಗಡು ಹಾಕಿ ಇಜಿಆರ್ ಮುಚ್ಚುವ ಸಲಹೆ ಸಿಗುತ್ತದೆ. ಒಪ್ಪಬೇಡಿ. ಅದು ಕಾನೂನಿಗೆ ವಿರುದ್ಧ, ಹೊಗೆ ನಮ್ಮ ಊರಿನವರೇ ಕುಡಿಯಬೇಕು. ಕೋಡ್ ಕೂಡ ಹೋಗುವುದಿಲ್ಲ.

### ಪಿ0335, ಪಿ0340: ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್

ಸೆಲ್ಫ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಅಥವಾ ಬಿಸಿಯಾದಾಗ ತಟ್ಟನೆ ನಿಂತು, ತಣ್ಣಗಾದ ಮೇಲೆ ಹೊರಡುತ್ತದೆ. ಸೆಲ್ಫ್ ಹೊಡೆಯುತ್ತಾ ಲೈವ್ ಡೇಟಾದಲ್ಲಿ ಆರ್‌ಪಿಎಂ ನೋಡಿ. ಸೊನ್ನೆಯೇ ಇದ್ದರೆ ಕ್ರ್ಯಾಂಕ್ ಸೆನ್ಸರಿನ ಸಿಗ್ನಲ್ ಬರುತ್ತಿಲ್ಲ. ಸೆನ್ಸರ್ ಬಿಚ್ಚಿ ತುದಿ ನೋಡಿ. ಕಬ್ಬಿಣದ ಪುಡಿ ಗಡ್ಡದ ಹಾಗೆ ಅಂಟಿದ್ದರೆ ಒರೆಸಿ ಹಾಕಿ. ಕ್ಲಚ್ ಕೆಲಸ ಆದಮೇಲೆ ಈ ಕೋಡ್ ಬಂದಿದ್ದರೆ ವೈರ್ ಎಲ್ಲಾದರೂ ಸಿಕ್ಕಿ ಜಜ್ಜಿದೆಯಾ ಅಂತ ಮೊದಲು ನೋಡಿ.

### ಪಿ0117, ಪಿ0118: ಕೂಲೆಂಟ್ ಸೆನ್ಸರ್

ಎರಡು ವೈರಿನ ಈ ಸೆನ್ಸರನ್ನು ಪರೀಕ್ಷಿಸುವುದು ಸುಲಭ. ಲೈವ್ ಡೇಟಾದಲ್ಲಿ ಮೈನಸ್ 40 ಡಿಗ್ರಿ ತೋರಿಸಿದರೆ ಎಲ್ಲೋ ಸರ್ಕಿಟ್ ಬಿಟ್ಟಿದೆ. ಕಪ್ಲರ್ ಕಳಚಿ, ವೈರಿಂಗ್ ಕಡೆಯ ಎರಡು ಪಿನ್ನಿಗೆ ಸಣ್ಣ ತಂತಿ ಸೇರಿಸಿ. ಅಂಕಿ ಒಮ್ಮೆಲೇ 120 ದಾಟಿದರೆ ವೈರಿಂಗ್ ಮತ್ತು ಇಸಿಯು ಸರಿಯಿವೆ, ಸೆನ್ಸರ್ ಹೋಗಿದೆ. ಏನೂ ಬದಲಾಗದಿದ್ದರೆ ವೈರ್ ಹುಡುಕಿ. ಮೂರು ವೈರ್ ಇರುವ ಬೇರೆ ಯಾವ ಸೆನ್ಸರಿಗೂ ಹೀಗೆ ತಂತಿ ಸೇರಿಸಬೇಡಿ.

ಪಿ0504 ಬಂದರೆ ಬ್ರೇಕ್ ಪೆಡಲಿನ ಸ್ವಿಚ್ ನೋಡಿ, ಹೆಚ್ಚಿನ ಸಲ ಅಲ್ಲೇ ಮುಗಿಯುತ್ತದೆ. ಇಂಜೆಕ್ಟರ್ ವೈರಿಗೆ ಟೆಸ್ಟ್ ಲ್ಯಾಂಪ್ ಹಾಕುವುದು ಬೇಡ. ಅಲ್ಲಿ 12 ವೋಲ್ಟಿಗಿಂತ ಎಷ್ಟೋ ಜಾಸ್ತಿ ಹೊಡೆಯುತ್ತದೆ, ಇಸಿಯುಗೂ ಪೆಟ್ಟು.

## ಹಂತ 7: ಒಂದು ಸಲಕ್ಕೆ ಒಂದೇ ರಿಪೇರಿ, ಆಮೇಲೆ ಅದೇ ದಾರಿ

ಮೂರು ಪಾರ್ಟ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ. ಒಂದನ್ನು ಮಾಡಿ, ಈಗ ಕೋಡ್ ಅಳಿಸಿ, ಲೈಟ್ ಮೊದಲು ಬಂದಂಥದೇ ಸ್ಥಿತಿಯಲ್ಲಿ ಓಡಿಸಿ. ಲೋಡಿನಲ್ಲಿ ಬಂದ ಕೋಡನ್ನು ಖಾಲಿ ಗಾಡಿಯಲ್ಲಿ ಊರ ಸುತ್ತ ಓಡಿಸಿ ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ. ವಾಪಸ್ ಬಂದು ಬಾಕಿ ಇರುವ ಕೋಡ್‌ಗಳನ್ನು ನೋಡಿ. ಲೈಟ್ ಹೊತ್ತುವ ಮುಂಚೆಯೇ ತೊಂದರೆ ಅಲ್ಲಿ ಕಾಣಿಸುತ್ತದೆ.

## ಗಾಡಿ ನಿಲ್ಲಿಸಲೇಬೇಕಾದ ಸೂಚನೆಗಳು

ಎಂಜಿನ್ ಆಯಿಲ್ ಲೈಟ್ ಬಂದರೆ, ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೆ ಕೋಡ್ ಓದುವುದು ಆಮೇಲೆ, ಮೊದಲು ಎಂಜಿನ್ ಆಫ್ ಮಾಡಿ. ಕಬ್ಬಿಣ ಬಡಿದಂಥ ಜೋರು ಶಬ್ದ, ನಿಲ್ಲದ ದಟ್ಟ ಬಿಳಿ ಹೊಗೆ ಬಂದರೂ ಹಾಗೇ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ತಾನಾಗಿ ಏರಿ, ಮೂಸಿದರೆ ಡೀಸೆಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇ ಬೇಡಿ. ಡೀಸೆಲ್ ಸೇರಿ ಆಯಿಲ್ ತೆಳ್ಳಗಾದರೆ ಬೇರಿಂಗ್ ಹೋಗುತ್ತದೆ. ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಹತೋಟಿ ತಪ್ಪಿ ರೇಸ್ ಆಗಲೂಬಹುದು.

## ಗ್ಯಾರೇಜಿಗೆ ಕೊಡುವಾಗ

ಇಂಜೆಕ್ಟರ್ ಬದಲಿಸಿದರೆ ಅನೇಕ ಗಾಡಿಗಳಲ್ಲಿ ಅದರ ತಲೆಯ ಮೇಲೆ ಕೆತ್ತಿದ ಅಕ್ಷರ, ಅಂಕಿಗಳನ್ನು ಇಸಿಯುಗೆ ಬರೆಯಬೇಕು. ಇದಕ್ಕೆ ಆ ಕಂಪನಿಯ ಸ್ಕ್ಯಾನರ್ ಬೇಕು. ಪಂಪ್ ಕೆಲಸ, ಇಸಿಯು ಕೆಲಸವೂ ಮನೆಯಲ್ಲಿ ಆಗುವುದಲ್ಲ.

ಹೋಗುವಾಗ ನಿಮ್ಮ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಕೋಡ್‌ಗಳು, ಫ್ರೀಜ್ ಫ್ರೇಮ್ ಫೋಟೊ, ಬ್ಯಾಟರಿ ಮತ್ತು ಅರ್ತ್ ಅಳತೆ, ಬಾಟಲಿಗಳಲ್ಲಿ ಎಷ್ಟೆಷ್ಟು ಬಂತು ಅನ್ನುವುದನ್ನು ತೋರಿಸಿ. "ಅಣ್ಣ, ಇಷ್ಟು ನೋಡಿದ್ದೀನಿ, ಇಲ್ಲಿಂದ ಮುಂದೆ ನೋಡಿ" ಅಂತ ಹೇಳಿ. ಯಾವ ಪಾರ್ಟ್ ಬದಲಿಸಬೇಕು ಅಂದರೂ ಯಾವ ಅಳತೆ ನೋಡಿ ಹೇಳುತ್ತಿದ್ದೀರಿ ಅಂತ ಕೇಳಿ. ತೆಗೆದ ಹಳೆಯ ಪಾರ್ಟನ್ನು ವಾಪಸ್ ಇಸಿದುಕೊಳ್ಳಿ. ಲೈಟ್ ಮತ್ತೆ ಬಂದರೆ, ಹಳೆಯದನ್ನೇ ಹಾಕಿ ಹೋಲಿಸಿ ನೋಡಲು ಅದು ಬೇಕಾಗುತ್ತದೆ.